ಕೇಣಿಯ ಕಂಪ್ಯೂಟರಿಗೆ ಹೆಸರಿಟ್ಟ ಪ್ರಕರಣ

ಅಂಕೋಲೆಯ ಹತ್ತಿರದ ನಮ್ಮ ಕೇಣಿಯಲ್ಲಿ ಹೆಸರಿಲ್ಲದ ದೋಣಿ ನೀರಿಗೆ ಇಳಿಯುವುದಿಲ್ಲ. ಹೊಸ ದೋಣಿಯಾದರೆ ಹೆಸರು ಬರೆಸಿ, ಮೂತಿಗೆ ಹೂ ಹಾಕಿ, ಕಾಯಿ ಒಡೆದು ಇಳಿಸುತ್ತಾರೆ. ಬೇರೆ ಊರಿನಿಂದ ಕೊಂಡು ತಂದ ಹಳೆಯ ದೋಣಿಯಾದರೆ ಮೊದಲು ಅದರ ಹಳೇ ಹೆಸರನ್ನು ಕೆರೆದು ತೆಗೆಯಬೇಕು, ಆಮೇಲೆ ಹೊಸ ಹೆಸರು. ಕೆರೆಯದೆ ಬಿಟ್ಟರೆ ಗಾಳಿ ಎದ್ದಾಗ ದೋಣಿ ತನ್ನ ಹಳೇ ಯಜಮಾನನ ದಂಡೆಯ ಕಡೆಗೇ ಮೂತಿ ತಿರುಗಿಸುತ್ತದೆ ಎಂದು ಇಲ್ಲಿಯವರ ನಂಬಿಕೆ. ನಾನು ಕನ್ನಡ ಶಾಲೆಯ ಮಾಸ್ತರ. ಇಂಥ ನಂಬಿಕೆಗಳ ವಿರುದ್ಧ ಶಾಲೆಯಲ್ಲಿ ಮಕ್ಕಳೆದುರು ಖಂಡಿತವಾಗಿ ಮಾತಾಡುತ್ತೇನೆ, ದಂಡೆಗೆ ಹೋದಾಗ ಬಾಯಿ ಮುಚ್ಚಿಕೊಂಡಿರುತ್ತೇನೆ. ಊರಲ್ಲಿ ಬದುಕಬೇಕಲ್ಲ.

ಈ ಪ್ರಕರಣ ನಡೆದದ್ದು ನಮ್ಮ ಮೀನುಗಾರರ ಸಂಘಕ್ಕೆ ಮೊದಲ ಕಂಪ್ಯೂಟರು ಬಂದ ವರ್ಷ. ಎರಡು ಸಾವಿರದ ಐದೋ ಆರೋ ಇರಬೇಕು. ಇದರ ನಾಯಕ ಹೆಸರಿನಲ್ಲೂ ನಾಯಕನೇ, ಹರಿಶ್ಚಂದ್ರ ನಾಯಕ, ಸಂಘದ ಗುಮಾಸ್ತ, ನನ್ನ ಪಕ್ಕದ ಮನೆಯವನು. ಒಳ್ಳೆಯ ಮನುಷ್ಯ. ಕುಡಿತವಿಲ್ಲ, ಇಸ್ಪೀಟು ಇಲ್ಲ. ಒಂದೇ ಒಂದು ಚಟ, ‘ಗೊತ್ತಿಲ್ಲ’ ಎಂಬ ಶಬ್ದ ಅವನ ಬಾಯಿಂದ ಹೊರಡುವುದಿಲ್ಲ. ಗೋಕರ್ಣಕ್ಕೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರೆ ‘ಗೊತ್ತುಂಟು’ ಎಂದು ಹೇಳಿ ಹುಬ್ಬಳ್ಳಿ ಬಸ್ಸಿನ ಹೊತ್ತು ಹೇಳುತ್ತಾನೆ. ಹೇಳುವಾಗಿನ ಗಾಂಭೀರ್ಯ ನೋಡಿದರೆ ನೀವು ಹುಬ್ಬಳ್ಳಿಗೇ ಹೋಗಿಬಿಡಬೇಕು ಅನಿಸುತ್ತದೆ.

ಸಂಘದವರು ಅವನನ್ನು ಕಂಪ್ಯೂಟರು ಕಲಿಯಲು ಕಾರವಾರಕ್ಕೆ ಕಳಿಸಿದರು. ಮೊದಲ ದಿನ ಯಂತ್ರ ಶುರು ಮಾಡುವುದು, ಮುಚ್ಚುವುದು, ಪ್ರತಿ ಕಂಪ್ಯೂಟರಿಗೂ ಒಂದು ಹೆಸರಿರುತ್ತದೆ, ಅದನ್ನು ಎಲ್ಲಿ ನೋಡಬೇಕು, ಹೇಗೆ ಬದಲಿಸಬೇಕು ಎಂಬುದನ್ನು ಕಲಿಸಿದರು. ಮರುದಿನ ಕಲಿಸುವವನಿಗೇ ಜ್ವರ ಬಂತು. ಉಳಿದದ್ದು ಉಳಿದೇ ಹೋಯಿತು. ಆದರೆ ಪ್ರಮಾಣಪತ್ರ ಮಾತ್ರ ಎಲ್ಲರಿಗೂ ಕೊಟ್ಟರು. ಹರಿಶ್ಚಂದ್ರ ಅದನ್ನು ತಂದು ಕನ್ನಡಿ ಕಟ್ಟಿಸಿ, ದೇವರ ಫೋಟೋಗಳ ಸಾಲಿನಲ್ಲಿ ತೂಗುಹಾಕಿದ.

ಅಷ್ಟಕ್ಕೇ ನಿಂತಿದ್ದರೆ ಈ ಕಥೆ ಇರುತ್ತಿರಲಿಲ್ಲ. ಬೋಟುಗಳಿಗೆ ಹೆಸರು ಬರೆಯುವ ಸುಕ್ರನನ್ನು ಹಿಡಿದು ತನ್ನ ಮೇಜಿಗೊಂದು ಹಲಗೆ ಬರೆಸಿದ. ನೀಲಿ ಬಣ್ಣದ ಹಲಗೆ. ಮೇಲೆ ದೊಡ್ಡ ಬಿಳಿ ಅಕ್ಷರದಲ್ಲಿ ‘ಹರಿಶ್ಚಂದ್ರ ನಾಯಕ’, ಕೆಳಗೆ ‘ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು’. ಕಂಪ್ಯೂಟರು ಇನ್ನೂ ಬಂದಿರಲಿಲ್ಲ. ಸುಕ್ರನಿಗೆ ಬೋಟು ಬರೆದು ಅಭ್ಯಾಸ, ಕೈ ತಡೆಯದೆ ಎರಡೂ ಬದಿಗೆ ಒಂದೊಂದು ಮೀನು ಬರೆದಿದ್ದ.

ಹಲಗೆ ಕಚೇರಿಗೆ ಹೋಗುವ ಮೊದಲು ಮನೆಯ ಜಗಲಿಯ ಮೇಲೆ ಒಣಗಲು ಕೂತಿತ್ತು. ಮೀನು ಮಾರುವ ಹೊನ್ನಕ್ಕ ಬುಟ್ಟಿ ಇಳಿಸಿ ನೋಡಿದಳು. ಹೊನ್ನಕ್ಕ ಬರೀ ಮೀನು ಮಾರುವವಳಲ್ಲ, ಸಂಘದ ನಿರ್ದೇಶಕಿ. ಅಕ್ಷರ ಬಾರದು. ಆದರೆ ಅವಳ ಮಾತಿಗೆ ಸಂಘದಲ್ಲಿ ಎದುರಾಡುವ ಗಂಡಸು ಇರಲಿಲ್ಲ.

“ಚಂಪಕ್ಕಾ, ಎಂತ ಬರ್ದದ್ದೇ ಇದ್ರ ಮೇನೆ?” ಎಂದು ಕೇಳಿದಳು.

ಹರಿಶ್ಚಂದ್ರನ ಹೆಂಡತಿ ಚಂಪಾ ಏಳನೇ ಇಯತ್ತೆವರೆಗೆ ಓದಿದವಳು. “ಕೆಳಗಿನ ಸಾಲು ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು ಅಂತ.”

“ಮೇಲಿಂದು?”

“ಮೇಲಿಂದು ನಾ ಓದೂದಿಲ್ಲ.”

“ಯಾಕೆ? ಅಕ್ಷರ ದೊಡ್ಡದಾಯ್ತಾ?”

“ನಿಂಗೆ ಗೊತ್ತಿಲ್ದೆ ಕೇಳ್ತ್ಯಾ? ನಮ್ಮನೆಯವ್ರ ಹೆಸ್ರಲ್ವೇ ಅದು! ಬಾಗ್ಲಲ್ಲೇ ತಂದು ಇಟ್ಟೀರು. ಬಂದವ್ರೆಲ್ಲ ಓದು ಓದು ಅಂದ್ರೆ ನಾ ಎಂತ ಮಾಡೂದು?”

ನಮ್ಮ ಕಡೆ ಆ ತಲೆಮಾರಿನ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಚಂಪಾ ಗಂಡನನ್ನು ಕರೆಯುವುದು ‘ಹೋಯ್’ ಎಂದು. ಆ ‘ಹೋಯ್’ನಲ್ಲೇ ಊಟ ಆಯಿತು, ಕೊಡೆ ಮರೆತಿರಿ, ನಿಮ್ಮ ಮಾತು ಸಾಕು ಎಂಬೆಲ್ಲ ಅರ್ಥಗಳು ಬೇರೆ ಬೇರೆ ರಾಗದಲ್ಲಿ ಹೊರಡುತ್ತವೆ. ಪಕ್ಕದ ಮನೆಯಲ್ಲಿದ್ದು ನನಗೂ ಅವೆಲ್ಲ ಬಾಯಿಪಾಠವಾಗಿವೆ.

ಕಂಪ್ಯೂಟರು ಬಂದದ್ದು ಚಂಪಾಳ ತಮ್ಮ ಸತೀಶನ ಮೂಲಕ. ಸತೀಶ ಅಣುವಿದ್ಯುತ್ ಸ್ಥಾವರದಲ್ಲಿ ನೌಕರಿಯವನು, ಮಲ್ಲಾಪುರದ ಕ್ವಾರ್ಟರ್ಸಿನಲ್ಲಿ ಮನೆ. ಅಲ್ಲಿ ಯಾರೋ ಕಂತ್ರಾಟುದಾರ ತನ್ನ ಕಚೇರಿ ಮುಚ್ಚುವಾಗ ಮಾರಿದ ಕಂಪ್ಯೂಟರನ್ನು ಸಂಘಕ್ಕೆ ಕೊಡಿಸಿ, ಟೆಂಪೋದಲ್ಲಿ ತಾನೇ ಕೂತು ತಂದ. “ಭಾವಾ, ಇದು ಸಾದಾ ಮಾಲಲ್ಲ, ಮಲ್ಲಾಪುರದ ಮಾಲು,” ಎಂದು ಇಳಿಸುವಾಗ ಹತ್ತು ಸಲ ಹೇಳಿದ.

ಅದರಲ್ಲಿ ಐಸು ಮತ್ತು ಡೀಸೆಲ್ಲಿನ ಚೀಟಿ ಮುದ್ರಿಸುವ ಪ್ರೋಗ್ರಾಮು ಹಾಕಲು ಕಾರವಾರದಿಂದ ನಿತೇಶ ಎಂಬ ತರುಣ ಬಂದ. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಅರ್ಧ ಕೊಂಕಣಿ. ನಾನೂ ಕುತೂಹಲಕ್ಕೆ ಹೋಗಿ ಕೂತಿದ್ದೆ. ಅವನು ಪರದೆಯ ಮೇಲೆ ಒಂದು ಖಾಲಿ ಕಡತ ಮಾಡಿದ. ಅದರ ಹೆಸರಿನ ಬಾಲ, ಕೊನೆಯ ಮೂರು ಅಕ್ಷರ, ಬದಲಿಸಿದ. ಎರಡು ಸಲ ಒತ್ತಿದ ಕೂಡಲೇ ಖಾಲಿ ಕಡತದೊಳಗಿಂದ ಒಂದು ದೊಡ್ಡ ಕಿಟಕಿ ತೆರೆದುಕೊಂಡಿತು.

“ನೋಡಿ ನಾಯಕ ಸರ್,” ಎಂದ ನಿತೇಶ. “ಪ್ರೋಗ್ರಾಮು ಅಂದ್ರೆ ಮುಂದಿನ ಅಂಗಡಿ. ಡೇಟಾಬೇಸ್ ಅಂದ್ರೆ ಹಿಂದಿನ ಗೋದಾಮು, ನಿಮ್ಮ ಬೋಟು, ಮೆಂಬರ್ರು ಎಲ್ಲ ಅದ್ರಲ್ಲಿರ್ತದೆ. ಅಂಗಡಿಯಂವ ಗೋದಾಮಿಗೆ ಹೋಗ್ಬೇಕಂದ್ರೆ ವಿಳಾಸ ಬೇಕಲ್ಲ? ಯಾವ ಕಂಪ್ಯೂಟರು, ಯಾವ ಗೋದಾಮು, ಯಾವ ಕೀಲಿಕೈ. ಅದನ್ನೆಲ್ಲ ಸೇರ್ಸಿ ಒಂದೇ ಸಾಲು ಮಾಡೂದು. ಅದಕ್ಕೇ ಕನೆಕ್ಷನ್ ಸ್ಟ್ರಿಂಗ್ ಅಂತಾರೆ. ಈ ಕಿಟಕಿಯಲ್ಲಿ ತುಂಬ್ಸಿದ್ರೆ ಅದೇ ಸಾಲು ಕಟ್ಟಿ ಕೊಡ್ತದೆ. ತಿಳೀತಾ?”

“ಗೊತ್ತುಂಟು,” ಎಂದ ಹರಿಶ್ಚಂದ್ರ.

ನಿತೇಶ ತುಂಬಿಸಿ, ಪರೀಕ್ಷಿಸುವ ಗುಂಡಿ ಒತ್ತಿದ. ಸಂಪರ್ಕ ಯಶಸ್ವಿಯಾಯಿತು ಎಂದು ಇಂಗ್ಲಿಷಿನಲ್ಲಿ ಬಂತು. ಆ ಸಾಲನ್ನು ಪ್ರೋಗ್ರಾಮಿಗೆ ಅಂಟಿಸಿ, ಒಂದು ಚೀಟಿ ಮುದ್ರಿಸಿ ತೋರಿಸಿ, “ಇನ್ನು ಏನೂ ಬದ್ಲಾಯ್ಸಬೇಡಿ,” ಎಂದು ಹೇಳಿ ಕಾರವಾರದ ಬಸ್ಸು ಹಿಡಿದ.

ಅಂದು ಸಂಜೆ ಅಧ್ಯಕ್ಷ ಜಟ್ಟ ಹರಿಕಂತ್ರರು ನಿರ್ದೇಶಕ ಮಂಡಳಿ ಸಮೇತ ಯಂತ್ರದರ್ಶನಕ್ಕೆ ಬಂದರು. ಜಟ್ಟಣ್ಣನದು ಎರಡು ಬೋಟು, ಗಟ್ಟಿ ದನಿ, ಕಡಿಮೆ ಮಾತು. ಅವರು ಬಂದದ್ದೇ ಒಂದು ಕಟ್ಟಪ್ಪಣೆ ಹೊರಡಿಸಿದರು. ನಾರಳಿ ಹುಣ್ಣಿಮೆಯ ದಿನ ಸಮುದ್ರಕ್ಕೆ ಕಾಯಿ ಕೊಟ್ಟು ಬೋಟು ಹೊರಡುವಾಗ ಮೊದಲ ಐಸ್ ಚೀಟಿ ಕಂಪ್ಯೂಟರಿನಿಂದಲೇ ಬರಬೇಕು. ಕೈಬರಹದ ಚೀಟಿ ಅಂದಿನಿಂದ ಬಂದ್. ಕಾರವಾರದಿಂದ ಸಹಕಾರ ಇಲಾಖೆಯ ಸಾಹೇಬರು ಬಂದು ಆ ಚೀಟಿ ಹಂಚುವವರಿದ್ದಾರೆ.

“ನಾಯಕ್ರೇ, ಅವತ್ತು ಇದು ನಡೀಬೇಕು,” ಎಂದರು. “ನಡೀಲಿಲ್ಲ ಅಂದ್ರೆ ಕಾರವಾರದಿಂದ ಕಲ್ತವ್ರನ್ನ ತಂದು ಈ ಖುರ್ಚಿ ಮೇನೆ ಕೂರಸ್ತೆ. ನೀವು ಐಸ್ ಫ್ಯಾಕ್ಟರಿ ಬಾಗ್ಲಲ್ಲಿ ನಿಂತ್ಕಂಡು ಬುಟ್ಟಿ ಎಣಿಸಿ.”

ಹರಿಶ್ಚಂದ್ರನ ಮುಖ ಸಣ್ಣದಾಯಿತು. ನನಗೆ ನಿಜವಾಗಿ ಕನಿಕರ ಬಂತು. ಅವನಿಗೆ ಮಂಡಿನೋವು, ಐಸು ಫ್ಯಾಕ್ಟರಿಯ ಬಾಗಿಲೆಂದರೆ ದಿನವಿಡೀ ಕಾಲ ಕೆಳಗೆ ತಣ್ಣೀರು. ಈ ಖುರ್ಚಿಯಾದರೋ ಕಿಟಕಿಯ ಪಕ್ಕ, ಫ್ಯಾನಿನ ಕೆಳಗೆ. ಅದರ ಕೈಯ ಮೇಲೆ ಅವನ ಮೊಣಕೈಯ ಅಚ್ಚೇ ಬಿದ್ದಿದೆ. ಆ ಖುರ್ಚಿ ಬಿಟ್ಟರೆ ಅವನು ಅವನಲ್ಲ.

ಇಷ್ಟಾದ ಮೇಲೆ ಯಂತ್ರ ಶುರು ಮಾಡಿದ. ಒಳಗೆ ಹೋಗಲು ಕೀಲಿಪದ ಕೇಳುವ ಚೌಕದಲ್ಲಿ ಕಂಪ್ಯೂಟರಿನ ಹೆಸರು ಕಂಡಿತು. ಇಂಗ್ಲಿಷು ಓದಬಲ್ಲ ಸತೀಶ ಅಲ್ಲೇ ಇದ್ದ, ಅಭಿಮಾನದಿಂದ ಓದಿದ, “ಮಲ್ಲಾಪುರ.”

ಜಟ್ಟಣ್ಣ ಪರದೆಯ ಹತ್ತಿರ ಬಗ್ಗಿದರು.

“ಎಂತಂದೆ?” ಎಂದರು ಜಟ್ಟಣ್ಣ.

“ಇದ್ರ ಹೆಸ್ರು, ಜಟ್ಟಣ್ಣ. ಮಲ್ಲಾಪುರ ಅಂತ.”

“ನಮ್ಮ ಸಂಘಕ್ಕೆ ಬಂದು ಕೂತ್ಮೇಲೂ ಮಲ್ಲಾಪುರ ಅಂತೇ ಹೇಳ್ತದ್ಯಾ ಇದು?”

ಹೊನ್ನಕ್ಕ ಗಲ್ಲಕ್ಕೆ ಕೈ ಹಚ್ಚಿದಳು. “ಅಯ್ಯಯ್ಯೋ, ಹಳೇ ಹೆಸ್ರು ಕೆರೀದೇ ತಂದ್ರಾ? ನಾಳೆ ಇದು ಮಲ್ಲಾಪುರದ ಬದಿಗೇ ಮೂತಿ ತಿರ್ಸ್ತದೆ, ಬರ್ಕಳಿ ಬೇಕಾರೆ!”

ಆ ಕ್ಷಣ ಹರಿಶ್ಚಂದ್ರನ ಮುಖದಲ್ಲಿ ಬೆಳಕು ಮೂಡಿದ್ದನ್ನು ನಾನು ಕಣ್ಣಾರೆ ಕಂಡೆ. ಇಡೀ ಕಂಪ್ಯೂಟರ್ ಶಾಸ್ತ್ರದಲ್ಲಿ ಅವನಿಗೆ ನಿಜವಾಗಿ ಬರುತ್ತಿದ್ದ ಒಂದೇ ವಿದ್ಯೆಯನ್ನು ಊರು ತಾನಾಗಿ ಕೇಳುತ್ತಿತ್ತು! “ಹೆಸರು ಬದಲಿಸೂದು ಗೊತ್ತುಂಟು,” ಎಂದು ಎದೆ ಸೆಟೆದು ಕೂತ. ಜಟ್ಟಣ್ಣ ‘ಶ್ರೀ ಶಾಂತಾದುರ್ಗಾ’ ಎಂದು ಸೂಚಿಸಿದರು. ಎಲ್ಲರೂ ಕೈ ಮುಗಿದು ಅನುಮೋದಿಸಿದರು. ಹರಿಶ್ಚಂದ್ರ ಅಕ್ಷರ ಅಕ್ಷರವಾಗಿ ಹುಡುಕಿ ಒತ್ತಿದ. ಯಂತ್ರ ಇಂಗ್ಲಿಷಿನಲ್ಲಿ ಏನೋ ಎಚ್ಚರಿಕೆ ಕೊಟ್ಟಿತು. ಅವನು ಅದನ್ನು ಓದದೆ, ಗಂಭೀರವಾಗಿ ತಲೆಯಾಡಿಸಿ, ಆಯಿತು ಎಂದು ಒತ್ತಿದ. ಹೊನ್ನಕ್ಕ ಪೆಟ್ಟಿಗೆಗೆ ದಾಸವಾಳ ಏರಿಸಿದಳು. ಯಂತ್ರ ಮುಚ್ಚಿ ಮತ್ತೆ ತೆರೆದುಕೊಂಡಿತು. ಎಲ್ಲರೂ ಬೆಲ್ಲ ಅವಲಕ್ಕಿ ತಿಂದು ಮನೆಗೆ ಹೋದರು.

ಮರುದಿನ ಪ್ರೋಗ್ರಾಮು ತೆರೆದರೆ ಚೀಟಿ ಇಲ್ಲ. ಒಂದು ಸಾಲು ಬಂತು. ನನ್ನನ್ನು ಕರೆಸಿ ಓದಿಸಿದರು. ‘ನೀವು ಕೇಳಿದ ಸರ್ವರ್ ಯಂತ್ರ ಇಲ್ಲ, ಅಥವಾ ಒಳಗೆ ಬಿಡಲಾಗದು’ ಎಂದಿತ್ತು. ನನಗೆ ಅದರ ಭಾಷೆ ಬಹಳ ಪರಿಚಿತ ಅನಿಸಿತು. ಸರಕಾರಿ ಕಚೇರಿಯ ಬಾಗಿಲಲ್ಲಿ ಜವಾನ ಹೇಳುವುದೂ ಇದನ್ನೇ. ಸಾಹೇಬರು ಇಲ್ಲ, ಇದ್ದರೂ ನಿಮ್ಮನ್ನು ಬಿಡುವುದಿಲ್ಲ.

ಹರಿಶ್ಚಂದ್ರ ನಿತೇಶನಿಗೆ ಫೋನು ಮಾಡಿದ. ಸಂಘದ ಫೋನು ಹಳೆಯದು, ಆಚೆಯವರ ಮಾತು ಬೀದಿಗೂ ಕೇಳುತ್ತದೆ.

“ಏನಾದ್ರೂ ಬದ್ಲಾಯ್ಸಿದ್ರಾ ಸರ್?”

“ಏನೂ ಇಲ್ಲ.”

“ಖಂಡಿತಾ?”

“ಶಾಂತಾದುರ್ಗಾ ದೇವಿ ಆಣೆ, ಏನೂ ಇಲ್ಲ.”

ಓದುಗರು ತಪ್ಪು ತಿಳಿಯಬಾರದು, ಹರಿಶ್ಚಂದ್ರ ಸುಳ್ಳು ಹೇಳಲಿಲ್ಲ. ಆ ಹೆಸರಿನವನಿಗೆ ಅದು ಶೋಭಿಸುವುದೂ ಇಲ್ಲ. ಕೇಣಿಯ ಮನುಷ್ಯನಿಗೆ ಹೆಸರು ಬದಲಿಸುವುದು ಬದಲಾವಣೆಯಲ್ಲ, ಅದು ಪೂಜೆಯ ಭಾಗ. ಮೂತಿಗೆ ಬೇರೆ ಬಣ್ಣ ಬಳಿದದ್ದಕ್ಕೆ ಇಂಜಿನ್ನು ನಿಂತದ್ದನ್ನು ಈ ದಂಡೆಯಲ್ಲಿ ಯಾರೂ ಕಂಡಿಲ್ಲ.

ನಿತೇಶ ಫೋನಿನಲ್ಲೇ ವಾಯರು ತೆಗೆದು ಹಾಕಿ ನೋಡಿ ಎಂದ. ತೆಗೆದು ಹಾಕಿದರು. ಧೂಳು ಒರೆಸಿ ಎಂದ. ಒರೆಸಿದರು. ಕರೆಂಟು ಸರಿ ಇದೆಯೇ ಎಂದ. ಕರೆಂಟು ರಿಪೇರಿಯವನು ಬಂದು, ಇಡೀ ಕಚೇರಿಯ ಫ್ಯೂಜು ಕಿತ್ತು, ಮತ್ತೆ ಹಾಕಿ, ಫ್ಯಾನು ತಿರುಗದ ಹಾಗೆ ಮಾಡಿ ಹೋದ. ಸುದ್ದಿ ಅಂಕೋಲೆಯ ಪೇಟೆಯವರೆಗೂ ಹಬ್ಬಿತು. ಕಂಡಕಂಡವರೆಲ್ಲ ಬಂದು ನೋಡಿ, ತಲೆಯಾಡಿಸಿ, ಚಾ ಕುಡಿದು ಹೋದರು.

ಸತೀಶನಿಗೆ ಮಾನದ ಪ್ರಶ್ನೆಯಾಯಿತು. ಕೆಲಸಕ್ಕೆ ರಜೆ ಹಾಕಿ ಬಂದು, “ಭಾವಾ, ಮಲ್ಲಾಪುರದಲ್ಲಿ ಇರೂವರೆಗೆ ಇದಕ್ಕೆ ಒಂದು ದಿನ ಕೆಮ್ಮು ಸಾ ಬರ್ಲಿಲ್ಲ,” ಎಂದು ನೆರೆದವರೆದುರು ಗಟ್ಟಿಯಾಗಿ ಹೇಳಿದ.

ಅದೇ ತಪ್ಪಾಯಿತು. “ನಾ ಎಂತ ಹೇಳ್ದೆ?” ಎಂದು ಹೊನ್ನಕ್ಕ ಎದ್ದು ನಿಂತಳು. “ಅದ್ಕೆ ಮಲ್ಲಾಪುರದ ಜೀವ. ಇಲ್ಲಿ ಹೊಂದ್ಕಳ್ಳೂದಿಲ್ಲ ಅಂತದೆ. ಹೊಸ ಮದಿಮಗಳು ಅತ್ತೆಮನೆಯಲ್ಲಿ ಊಟ ಬಿಟ್ಟು ಕೂತಂಗೆ ಕೂತದೆ.” ಹೆಸರು ಬರೀ ಪರದೆಯೊಳಗಿದ್ದರೆ ಸಾಲದು, ಮೈಮೇಲೂ ಬರೆಯಬೇಕು ಎಂದು ತೀರ್ಮಾನವಾಯಿತು. ಸುಕ್ರನಿಗೆ ಹೇಳಿ ಕಳಿಸಿದರು. ಅವನು ಒಂದು ಬೋಟಿನ ಕೆಲಸದಲ್ಲಿದ್ದ, ಹುಣ್ಣಿಮೆಯ ಬೆಳಿಗ್ಗೆ ಬರುತ್ತೇನೆ ಎಂದ. ಅಲ್ಲಿಯವರೆಗೆ ಪರದೆಗೆ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಟ್ಟರು.

ಹುಣ್ಣಿಮೆಯ ಹಿಂದಿನ ದಿನ ನಿತೇಶನೇ ಬಂದ. ಲಿಂಬೆಹಣ್ಣನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಕೂತು, ಕಣ್ಣು ಹಾಯಿಸಿದವನೇ ತಲೆಯ ಮೇಲೆ ಕೈ ಹೊತ್ತ.

“ದೇವಾ ರೇ! ನಾಯಕ ಸರ್, ಏನೂ ಬದ್ಲಾಯ್ಸ್ಲಿಲ್ಲ ಅಂದ್ರಿ!”

“ಬದ್ಲಾಯ್ಸ್ಲಿಲ್ಲ.”

“ಕಂಪ್ಯೂಟರಿನ ಹೆಸರೇ ಬದ್ಲಾಗೀದಲ್ಲ!”

“ಅದು ಹೆಸ್ರು ಮಾರಾಯ. ನೀನು ಕೇಳಿದ್ದು ಬದ್ಲಾಯ್ಸೂದರ ಬಗ್ಗೆ.”

ನಿತೇಶ ಖುರ್ಚಿಯನ್ನು ಹರಿಶ್ಚಂದ್ರನ ಕಡೆ ತಿರುಗಿಸಿದ. ಆಮೇಲೆ ತಾಳ್ಮೆಯಿಂದ ವಿವರಿಸಿದ. ಆ ಸಾಲಿನಲ್ಲಿ ಬರೆದದ್ದು ಮಲ್ಲಾಪುರ. ಈಗ ಮಲ್ಲಾಪುರ ಎಂಬ ಹೆಸರಿನ ಯಂತ್ರವೇ ಇಲ್ಲ. ಅಂಗಡಿಯವನು ಇಲ್ಲದ ಊರಿಗೆ ಗೋದಾಮು ಹುಡುಕಿಕೊಂಡು ಹೊರಟಿದ್ದಾನೆ. ಮತ್ತೆ ಖಾಲಿ ಕಡತ, ಮತ್ತೆ ಕಿಟಕಿ. ಹೊಸ ಹೆಸರು ಹಾಕಿ ಸಾಲು ಕಟ್ಟಿದ. ಯಶಸ್ವಿ! ಚೀಟಿಯೂ ಬಂತು. ಹರಿಶ್ಚಂದ್ರ ಅವನನ್ನು ಬಿಡದೆ ಮನೆಗೆ ಕರೆದುಕೊಂಡು ಹೋದ. ಚಂಪಾ ಒಣ ಶೆಟ್ಲಿ ಸಿಗಡಿಯ ಚಟ್ನಿ, ಗಂಜಿ ಬಡಿಸಿದಳು. ಹೊರಡುವಾಗ ನಿತೇಶ, “ವೈನಿ, ಊಟ ಫಸ್ಟ್ ಕ್ಲಾಸ್. ನಾಳೆ ಸಾಹೇಬ್ರ ಗಾಡಿಯಲ್ಲೇ ಬರ್ತೇನೆ. ಅಲ್ಲೀವರೆಗೆ ಹೆಸರಿಗೆ ಮಾತ್ರ ಯಾರೂ ಕೈ ಹಚ್ಚಬಾರ್ದು,” ಎಂದ.

“ಗೊತ್ತುಂಟು,” ಎಂದ ಹರಿಶ್ಚಂದ್ರ.

ಹುಣ್ಣಿಮೆಯ ಬೆಳಿಗ್ಗೆ ಸುಕ್ರ ಡಬ್ಬಿ, ಬ್ರಶ್ಶು ಹಿಡಿದು ಬಂದು, ಪರದೆಯ ಮೇಲಿನ ಅಕ್ಷರಗಳನ್ನು ನೋಡಿ ನೋಡಿ ಪೆಟ್ಟಿಗೆಯ ಮೇಲೆ ಇಳಿಸಿದ. ಬಿಳಿ ಅಕ್ಷರ, ಕೆಂಪು ನೆರಳು, ಎರಡು ಮೀನು. ಬಹಳ ಚಂದ ಬಂದಿತ್ತು. ನಿರ್ದೇಶಕರೆಲ್ಲ ಇಸ್ತ್ರಿಯ ಅಂಗಿ ತೊಟ್ಟು ಸೇರಿದ್ದರು. ಸತೀಶ ದೊಡ್ಡದಾಗಿ ಓದಿದ, “ಶ್ರೀ ಶಾಂತಾದುರ್ಗ್.” ತಡೆದು, ಬೆರಳಿಟ್ಟು ಮತ್ತೆ ಓದಿದ. “ಕೊನೇ ಅಕ್ಷರ ಇಲ್ಲ ಭಾವಾ.”

ಸುಕ್ರ ಬ್ರಶ್ಶು ಎತ್ತಿ, “ನಾ ಕಂಡದ್ದೇ ಬರ್ದೇನೆ, ಒಳಗೆ ಎಷ್ಟಿದೆ ಅಷ್ಟು,” ಎಂದ. ನಿಜ. ಯಂತ್ರ ಹದಿನೈದಕ್ಕಿಂತ ಹೆಚ್ಚು ಇಂಗ್ಲಿಷ್ ಅಕ್ಷರಗಳ ಹೆಸರು ಇಟ್ಟುಕೊಳ್ಳುವುದಿಲ್ಲವಂತೆ, ಹರಿಶ್ಚಂದ್ರನ ಕಾಗುಣಿತದಲ್ಲಿ ದೇವಿಯ ಹೆಸರು ಹದಿನಾರಾಗಿತ್ತು. ಹರಿಶ್ಚಂದ್ರ ಅಂದು ಓದದೆ ಒತ್ತಿದ ಎಚ್ಚರಿಕೆ ಇದೇ ಆಗಿತ್ತು.

ಹೊನ್ನಕ್ಕನ ದನಿ ದಂಡೆಯವರೆಗೆ ಕೇಳಿತು. “ಹುಣ್ಮಿ ದಿವ್ಸ ದೇವಿ ಹೆಸ್ರು ಅರ್ಧ ಕತ್ರಿಸಿ ಬೋಟು ಕಳಸ್ತ್ರಾ? ನಿಮ್ಮನಿ ಗಂಡಸ್ರು ಇಲ್ವಾ ಬೋಟಲ್ಲಿ?”

ಶ್ರೀ ತೆಗೆದರೆ ಹಿಡಿಸುತ್ತದೆ ಎಂದ ಸತೀಶ. ಶ್ರೀ ಬಿಟ್ಟು ದೇವಿಯನ್ನು ಕರೆಯಲು ಅವಳೇನು ನಿಮ್ಮ ಮನೆಯ ಕೆಲಸದವಳೇ ಎಂದು ಇನ್ನೊಬ್ಬ ನಿರ್ದೇಶಕರು ಏರಿ ಬಂದರು. ಬೊಮ್ಮಯ್ಯ ದೇವರ ಹೆಸರಾದರೆ ಚಿಕ್ಕದು ಎಂದಳು ಹೊನ್ನಕ್ಕ. ಮೊದಲು ಕರೆದ ದೇವಿಯನ್ನು ಈಗ ಎಬ್ಬಿಸಿ ಬೊಮ್ಮಯ್ಯನನ್ನು ಕೂರಿಸಿದರೆ ಇಬ್ಬರಿಗೂ ಸಿಟ್ಟು ಬರುತ್ತದೆ ಎಂದರು ಜಟ್ಟಣ್ಣ. ಕೊನೆಗೆ ಯಾರ ತಕರಾರೂ ಇಲ್ಲದ ಹಾಗೆ ಬರೀ ‘ಕೇಣಿ’ ಎಂದಿಡಲು ಠರಾವಾಯಿತು, ಸುಕ್ರ ಪೆಟ್ಟಿಗೆಯ ಮೇಲಿನ ಹೆಸರನ್ನು ಕೆರೆಯತೊಡಗಿದ.

ಹೆಸರಿಗೆ ಕೈ ಹಚ್ಚಬಾರದೆಂದು ನಿತೇಶ ಹೇಳಿದ್ದನ್ನು ನಾನು ನೆನಪಿಸಿದೆ. ಹರಿಶ್ಚಂದ್ರ ಕೈ ಬೀಸಿದ. “ಮಾಸ್ತರ್ರೇ, ಆ ಸಾಲು ಕಟ್ಟೂದನ್ನ ನಾ ಎರಡೆರಡು ಸಲ ಕಣ್ಣಾರೆ ಕಂಡೇನೆ. ಗೊತ್ತುಂಟು.”

ಕೇಣಿ ಎಂದು ಹೆಸರು ಹಾಕಿಸಿಕೊಂಡ ಯಂತ್ರ ಹಳೇ ಬೋಟಿನ ಇಂಜಿನ್ನಿನ ಹಾಗೆ ಗುರುಗುಟ್ಟುತ್ತ ಮತ್ತೆ ಎದ್ದಿತು. ಹರಿಶ್ಚಂದ್ರ ಖಾಲಿ ಕಡತ ಮಾಡಿದ. ಬಾಲ ಬದಲಿಸಿದ. ಕಿಟಕಿ ನಿಜವಾಗಿಯೂ ತೆರೆದುಕೊಂಡಿತು, ನಾನೇ ಬೆರಗಾದೆ. ಅಲ್ಲಿ ಯಾವ ಬಗೆಯ ಗೋದಾಮು ಎಂದು ಕೇಳುವ ಒಂದು ಉದ್ದ ಪಟ್ಟಿಯಿತ್ತು. ಅವನು ಗಣಪತಿಗೆ ಕೈ ಮುಗಿದು ಎಲ್ಲಕ್ಕಿಂತ ಮೇಲಿದ್ದುದನ್ನು ಒತ್ತಿದ. ಒಪ್ಪಲಿಲ್ಲ. ಎರಡನೆಯದನ್ನು ಒತ್ತಿದ. ಹೆಸರಿನ ಜಾಗದಲ್ಲಿ ಕೇಣಿ ಎಂದು ಬರೆದ, ತನ್ನ ಹೆಸರು ಬರೆದ. ಸಂಘದ ಹೆಸರು ಬರೆದ. ಸತೀಶನ ಒತ್ತಾಯಕ್ಕೆ ಮಲ್ಲಾಪುರ ಎಂದೂ ಬರೆದ. ಹೊನ್ನಕ್ಕ, “ತಾಲೂಕು ಬರೀಲಿಲ್ಲ ಕಾಣ್ತದೆ, ಅದ್ಕೇ ಸಿಕ್ತಿಲ್ಲ,” ಎಂದಳು. ಅಂಕೋಲಾ ಎಂದೂ ಸೇರಿಸಿದ. ಅದೇ ಉತ್ತರ. ಇಲ್ಲ, ಅಥವಾ ಒಳಗೆ ಬಿಡಲಾಗದು.

ಅಷ್ಟರಲ್ಲಿ ಸಾಹೇಬರ ಜೀಪು ಬಂತು, ನಿತೇಶನೂ ಅದರಿಂದಲೇ ಇಳಿದ. ಸಾಹೇಬರು ಹಾರ ಹಾಕಿಸಿಕೊಂಡು, ಕೈಯಲ್ಲಿ ಬಂಗಾರದ ಕಾಗದ ಸುತ್ತಿದ ಕಾಯಿ ಹಿಡಿದು, ಚೀಟಿ ಎಲ್ಲಿ ಎಂದು ನೋಡುತ್ತ ನಿಂತರು. ಹೊರಗೆ ಬೋಟಿನವರು ಬಂದು ಬಂದು ಇಣುಕುತ್ತಿದ್ದರು. ಸಮುದ್ರದ ಭರತಿ ಇಳಿಯುವ ಮೊದಲು ಕಾಯಿ ನೀರಿಗೆ ಬೀಳಬೇಕು, ಬೋಟು ಅಳಿವೆಯ ಬಾಯಿ ದಾಟಬೇಕು. ಚೀಟಿ ಇಲ್ಲದೆ ಐಸು ಇಲ್ಲ, ಐಸಿಲ್ಲದೆ ಬೋಟು ಹೊರಡುವುದಿಲ್ಲ. ಮೊದಲ ಚೀಟಿಗೆಂದು ಕಡಿದಿಟ್ಟ ಐಸು ಕರಗಿ ಬಾಗಿಲವರೆಗೆ ಹರಿದು ಬಂದಿತ್ತು. ಹರಿಶ್ಚಂದ್ರ ಅದನ್ನು ನೋಡಿ ಕಾಲನ್ನು ಖುರ್ಚಿಯ ಮೇಲೆ ಎಳೆದುಕೊಂಡ.

ಜಟ್ಟಣ್ಣ ಮೆಲ್ಲಗೆ ಮಾತಾಡಿದರು. ಅವರು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. “ನಾಯಕ್ರೇ, ಏಳಿ. ಐಸ್ ಫ್ಯಾಕ್ಟರಿ ಕೀಲಿಕೈ ಗೂಟಕ್ಕದೆ.”

ಹರಿಶ್ಚಂದ್ರ ಎದ್ದ. ಎದ್ದವನು ನೀಲಿ ಹಲಗೆಯನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡ. ಯಾವ ಕಡೆ ನೋಡಬೇಕೆಂದು ತಿಳಿಯದೆ ಸುಕ್ರ ಬರೆದ ಮೀನನ್ನೇ ನೋಡುತ್ತ ನಿಂತ.

ನಿತೇಶ ಖುರ್ಚಿಗೆ ಜಾರಿ ಕೇಳಿದ, “ಈಗ ಇದರ ಹೆಸರು ಏನು ಅಂತ ಒಬ್ರು, ಒಬ್ರೇ ಹೇಳಿ!”

“ಕೇಣಿ!” “ಶಾಂತಾದುರ್ಗಾ!” “ಬೊಮ್ಮಯ್ಯ!” “ಮಲ್ಲಾಪುರ!” ಎಂದು ಕೋಣೆ ಮೊಳಗಿತು. ಗದ್ದಲದಲ್ಲಿ ಅವನ ಕೈ ಯಾವುದೋ ಗುಂಡಿಗೆ ತಾಗಿ ಕಿಟಕಿಯೇ ಮುಚ್ಚಿಹೋಯಿತು.

ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ಚಂಪಾ ನಿಂತಿದ್ದಳು. ಯಂತ್ರಕ್ಕೆ ಕುಂಕುಮ ಹಚ್ಚಲು ಅವಳನ್ನು ಕರೆಸಿದ್ದರು. ಗಂಡ ಹಲಗೆ ಹಿಡಿದು ನಿಂತದ್ದನ್ನು ಅವಳು ಕಂಡಳು. ಅಷ್ಟು ಜನ ಗಂಡಸರೆದುರು ಎಂದೂ ದನಿ ತೆಗೆಯದವಳು ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು.

“ಎಂತ ಅದು, ಹೆಸ್ರು ಹೆಸ್ರು ಅಂತ ಬೆಳಗಿಂದ! ನಾ ಮದಿಯಾಗಿ ಬಂದ್ಮೇಲೆ ಇವ್ರ ಹೆಸ್ರು ಒಂದಿನ ಬಾಯಲ್ಲಿ ತೆಗೀಲಿಲ್ಲ. ಹಂಗಂತ ಇವ್ರಿಗೆ ಒಂದು ಹೊತ್ತಿನ ಅನ್ನ ತಪ್ಪೀತಾ? ಮನೆ ಒಳ್ಗೇ ಇದ್ದವ್ರನ್ನ ಹೆಸ್ರು ಹಿಡ್ದು ಯಾರು ಕರೀತ್ರು? ಹೋಯ್ ಅಂದ್ರೆ ಸಾಕು, ಬತ್ರು! ಇರೂದು ಒಬ್ರೇ ಅಲ್ವಾ!”

ಸಾಹೇಬರು ಕಾಯಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು.

ನಿತೇಶ ಮಾತ್ರ ಅವಳನ್ನು ಬಾಯಿ ಬಿಟ್ಟು ನೋಡುತ್ತಿದ್ದ. “ಮನೆ ಒಳಗೇ ಇದ್ದವರು,” ಎಂದು ಗೊಣಗಿದ. “ಅಂಗಡಿಯೂ ಇದ್ರಲ್ಲೇ, ಗೋದಾಮೂ ಇದ್ರಲ್ಲೇ. ನಾನೊಬ್ಬ ಪೆದ್ದ!”

ಕಿಟಕಿ ಮತ್ತೆ ತೆರೆದ. ಸರಿಯಾದ ಗೋದಾಮು ಆರಿಸಿದ. ಕಂಪ್ಯೂಟರಿನ ಹೆಸರು ಬರೆಯುವ ಜಾಗದಲ್ಲಿ ಕೇಣಿ ಬರೆಯಲಿಲ್ಲ, ದೇವರನ್ನು ಬರೆಯಲಿಲ್ಲ. ಒಂದು ಚುಕ್ಕಿ ಇಟ್ಟ. ಬರೀ ಒಂದು ಚುಕ್ಕಿ. ಪರೀಕ್ಷಿಸುವ ಗುಂಡಿ ಒತ್ತಿದ.

ಸಂಪರ್ಕ ಯಶಸ್ವಿಯಾಯಿತು.

“ಚುಕ್ಕಿ ಅಂದ್ರೆ ‘ಇದೇ ಕಂಪ್ಯೂಟರು, ಇಲ್ಲೇ ಒಳಗೆ’ ಅಂತ ಅರ್ಥ,” ಎಂದು ಅವನು ಬೆವರು ಒರೆಸಿಕೊಂಡ. “ಇನ್ನು ನೀವು ದಿನಕ್ಕೊಂದು ಹೆಸರಿಡಿ ಬೇಕಾದ್ರೆ. ಅದು ಹೆಸರು ಹಿಡಿದು ಕರಿಯೂದೇ ಇಲ್ಲ.”

ಸಾಲನ್ನು ಪ್ರೋಗ್ರಾಮಿಗೆ ಅಂಟಿಸಿದ್ದೇ ಪ್ರಿಂಟರು ಕಿರ್ರೆಂದು ಮೊದಲ ಐಸ್ ಚೀಟಿಯನ್ನು ಹೊರಗೆ ದೂಡಿತು. ಸಾಹೇಬರು ಅದನ್ನು ಹಿಡಿದು, ಸಹಕಾರ ಕ್ಷೇತ್ರದಲ್ಲಿ ಗಣಕೀಕರಣದ ಮಹತ್ವದ ಬಗ್ಗೆ ತಾವು ಬರೆದು ತಂದ ಭಾಷಣ ತೆಗೆದರು. ಅಷ್ಟರಲ್ಲಿ ಕೇಣಿಯ ಜನ ಚೀಟಿ, ಕಾಯಿ, ಸಾಹೇಬರು ಮೂರನ್ನೂ ಎತ್ತಿಕೊಂಡು ದಂಡೆಗೆ ಓಡಿದ್ದರು. ಭರತಿ ಇನ್ನೂ ಇತ್ತು. ಕಾಯಿ ನೀರಿಗೆ ಬಿತ್ತು. ಬೋಟುಗಳು ಒಂದರ ಹಿಂದೆ ಒಂದು ಹೊರಟವು.

ಕಚೇರಿಯಲ್ಲಿ ಉಳಿದವರು ಹರಿಶ್ಚಂದ್ರ, ಚಂಪಾ, ಜಟ್ಟಣ್ಣ, ನಿತೇಶ, ನಾನು. ಚಂಪಾ ಏನೂ ಆಗದವಳ ಹಾಗೆ ಬೆರಳು ಕುಂಕುಮದಲ್ಲಿ ಅದ್ದಿ ಪೆಟ್ಟಿಗೆಗೆ ಒಂದು ಬೊಟ್ಟು ಇಟ್ಟಳು. ಜಟ್ಟಣ್ಣ ಗೂಟದ ಮೇಲಿನ ಕೀಲಿಕೈ ತೆಗೆದು ತಮ್ಮ ಕಿಸೆಗೆ ಹಾಕಿಕೊಂಡರು.

“ಕೂತ್ಕಳಿ ನಾಯಕ್ರೇ,” ಎಂದರು. “ಖುರ್ಚಿ ನಿಮ್ದೇ. ಆದ್ರೆ ನಾಳಿಂದ ಈ ಹುಡ್ಗನ ಹತ್ರ ಸರಿ ಮಾಡಿ ಕಲೀರಿ. ಕಲಿಸಿದ್ದು ತಲೆಗೆ ಹೋಯ್ತಾ ಅಂತ ಅಂವ ಕೇಳ್ದಾಗ ಎಂತ ಹೇಳ್ತ್ರಿ?”

ಹರಿಶ್ಚಂದ್ರ ಬಾಯಿ ತೆರೆದ. ಹಳೇ ಅಭ್ಯಾಸ ತುಟಿಯವರೆಗೆ ಬಂದದ್ದು ಕಾಣುತ್ತಿತ್ತು. ಚಂಪಾ ಒಂದು ‘ಹೋಯ್’ ಅಂದಳು. ನಾನು ಅದುವರೆಗೆ ಕೇಳದ ರಾಗದ ‘ಹೋಯ್’ ಅದು.

“ಗೊತ್ತಿಲ್ಲ,” ಎಂದ ಹರಿಶ್ಚಂದ್ರ.

ಸುಕ್ರ ಇನ್ನೂ ಅಂಗಳದಲ್ಲಿ ಬ್ರಶ್ಶು ತೊಳೆಯುತ್ತಿದ್ದ. ಹರಿಶ್ಚಂದ್ರ ಹಲಗೆಯನ್ನು ಅವನ ಕೈಗೆ ಕೊಟ್ಟು, ಮೇಲಿನ ಸಾಲೂ ಕೆಳಗಿನ ಸಾಲೂ ಕೆರೆದು ತೆಗೆಯಲು ಹೇಳಿದ. ಸುಕ್ರ ಕೆರೆದ. ಬೋಳು ಹಲಗೆ ಕೊಡುವುದು ಅವನ ವೃತ್ತಿಗೆ ಒಗ್ಗಲಿಲ್ಲ, ಕೇಳದೆ ನಡುವೆ ಒಂದು ದೊಡ್ಡ ಬಿಳಿ ಚುಕ್ಕಿ ಇಟ್ಟುಕೊಟ್ಟ. ಎರಡು ಮೀನು ಹಾಗೇ ಉಳಿದವು.

ಹಲಗೆ ಒಣಗಲು ಮತ್ತೆ ಮನೆಯ ಜಗಲಿಗೆ ಬಂತು. ಸಂಜೆ ಹೊನ್ನಕ್ಕ ದಂಡೆಯಿಂದ ಬರುವಾಗ ಬುಟ್ಟಿ ಇಳಿಸಿ ಕೇಳಿದಳು, “ಚಂಪಕ್ಕಾ, ಈಗ ಎಂತ ಬರ್ದದೆಯೇ?”

ಚಂಪಾ ಒಳಗಿದ್ದ ಗಂಡನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

“ನಮ್ಮನೆಯವ್ರ ಹೆಸ್ರು. ಈಗ ನಂಗೂ ಓದ್ಲಕ್ಕೆ ಬತ್ತದೆ.”